ಅರ್ಧದವರೆಗೆ

ಮೋಕಾ ಊರಿನ ಇಳಿಜಾರಿನಲ್ಲಿ ನನ್ನ ಗ್ಯಾರೇಜು.
ಬೆಳಿಗ್ಗೆ ಏಳಕ್ಕೇ ಬಂದ ಯಾದಿಯೆಲ್,
ಪಿಕಪ್ಪಿನ ಹಿಂಬದಿಯಲ್ಲಿ ಹಳೆ ಟೊಯೋಟಾದ ಬ್ಲಾಕು,
ಮೇಲೊಂದು ಹೂವಿನ ಬೆಡ್‌ಶೀಟು,
ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ.
"ನೆರೇದಾ, ಇದಕ್ಕೆ ಗಾರೆ ತುಂಬಿಬಿಡು" ಅಂದ,
"ಪೂರ್ತಿ. ಮೇಲಿನ ತನಕ."

ಪೂರ್ತಿ ಅನ್ನುವ ಮಾತು ಇಪ್ಪತ್ತೆರಡರ ಬಾಯಿಗೆ ಸಲೀಸು.

ಮೊದಲು ಗೋಡೆ ಅಳೆದೆ.
ಎಣ್ಣೆ ಸವರಿ ಗುಂಡಿ ಒತ್ತಿ ಹಿಡಿದರೆ
ಪುಟ್ಟ ಪರದೆಯಲ್ಲಿ ಅಂಕಿ ಮೂಡುತ್ತದೆ:
ನಾಲ್ಕು ಮಿಲಿಮೀಟರು, ಮೂರೂವರೆ, ಮತ್ತೆ ನಾಲ್ಕು,
ಮೂರನೇ ಸಿಲಿಂಡರಿನ ಪೆಟ್ಟು ಬೀಳುವ ಬದಿ ಎರಡೂ ಮುಕ್ಕಾಲು.
ಹಿಂದೆ ಯಾರೋ ಕೊರೆದೂ ಕೊರೆದೂ ಬಿಟ್ಟಿದ್ದಾರೆ,
ಹೊರಗೆ ಕಬ್ಬಿಣ, ಒಳಗೆ ಹಪ್ಪಳ.

ಕಬ್ಬಿಣ ಬಾಗುತ್ತದೆ ಅಂದರೆ ಜನ ನಂಬುವುದಿಲ್ಲ.
ಟರ್ಬೊ ಗಾಳಿ ತುರುಕಿದಾಗ ಸಿಡಿತ ಸಿಡಿತಕ್ಕೂ
ಗೋಡೆ ಕೂದಲೆಳೆಯಷ್ಟು ಹೊಟ್ಟೆ ಬಿಡುತ್ತದೆ.
ಅಷ್ಟು ಸಾಕು, ರಿಂಗಿನ ಹಿಡಿತ ತಪ್ಪಿ
ದುಡ್ಡು ಕೊಟ್ಟು ತಂದ ಬಲವೆಲ್ಲ
ಕೆಳಗಿನ ಎಣ್ಣೆಗೆ ಸೋರಿಹೋಗಲು.
ಅದಕ್ಕೇ ನೀರು ಹರಿಯುವ ಸಂದಿಗೆ ಗಾರೆ ಸುರಿಯುವುದು,
ಗೋಡೆಗೊಂದು ಒರಗು ಸಿಗಲಿ ಅಂತ.

"ಈ ಕಾರು ಎಲ್ಲೆಲ್ಲಿಗೆ ಹೋಗುತ್ತೆ?"
"ಭಾನುವಾರ ಟ್ರ್ಯಾಕಿಗೆ."
"ಮಿಕ್ಕ ದಿನ?"
ಅವನು ಬೆಡ್‌ಶೀಟು ಮಡಿಸತೊಡಗಿದ.
ಅಗ್ವಾದಿಯಾದ ಆಸ್ಪತ್ರೆಯ ಲಾಂಡ್ರಿಗೆ, ಕೆಲಸಕ್ಕೆ.
ಸೋಮ, ಬುಧ, ಶುಕ್ರ
ಅದೇ ಆಸ್ಪತ್ರೆಗೆ ಅಮ್ಮ, ಡಯಾಲಿಸಿಸ್ಸಿಗೆ.
ನಡುವೆ ಹದಿನೇಳು ಸಿಗ್ನಲ್ಲು, ಏಸಿ ಹಾಕಲೇಬೇಕು.

ಒಂಬತ್ತು ಸೆಕೆಂಡು ಓಡುವುದಕ್ಕೆ ನೀರು ಬೇಡ ಮಗನೇ,
ಒಂಬತ್ತನೇ ಸಿಗ್ನಲ್ಲಿನಲ್ಲಿ ನಿಲ್ಲುವುದಕ್ಕೆ ಬೇಕು.

ಬಾಗಿಲ ಪಕ್ಕ ತೋರಿಸಿದೆ, ತುಕ್ಕಿನ ದಿಮ್ಮಿಯೊಂದನ್ನು.
ಅಣ್ಣ ಎರಿಬೆರ್ತೊನ ಬ್ಲಾಕು. ಪೂರ್ತಿ ತುಂಬಿದ್ದು.
ನಾನೇ ತುಂಬಿದೆ, ಆಗ ನನಗೂ ಹೆಚ್ಚು ಕಮ್ಮಿ ನಿನ್ನ ವಯಸ್ಸು.
ಗೋಡೆ ಜಗ್ಗಲಿಲ್ಲ, ಸುಳ್ಳು ಹೇಳಬಾರದು.
ನಾಲ್ಕನೇ ಓಟಕ್ಕೆ ಕೆಳಗಿನ ಮೇನ್ ಕ್ಯಾಪ್ ಕಿತ್ತು
ಕ್ರ್ಯಾಂಕು ರಸ್ತೆಯ ಮೇಲೆ ಬಿತ್ತು, ಕೆಂಪಗೆ, ಹೊಗೆಯಾಡುತ್ತಾ.
ಇಲ್ಲಿ ಬಿಗಿದರೆ ಒಡೆತ ಸಾಯುವುದಿಲ್ಲ,
ಪಕ್ಕದ ಮನೆಗೆ ಬಾಡಿಗೆಗೆ ಹೋಗುತ್ತದೆ.

ಗುಜರಿಯವನಿಗೆ ಕೊಟ್ಟೆ, ವಾಪಸ್ಸು ತಂದು ಇಳಿಸಿದ.
"ಇದು ಕಬ್ಬಿಣವೂ ಅಲ್ಲ, ಕಲ್ಲೂ ಅಲ್ಲ,
ಕುಲುಮೆ ಮುಟ್ಟುವುದಿಲ್ಲ" ಅಂದ.
ವರ್ಷಗಟ್ಟಲೆ ಬೆಕ್ಕು ಮಲಗಿತ್ತು ಅದರ ಮೇಲೆ.
ಆಮೇಲೆ ಆ ಸೆಪ್ಟೆಂಬರಿನ ಚಂಡಮಾರುತ.
ರಾತ್ರಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಜಿಂಕ್ ಶೀಟಿನ ಮಾಡಿಗೆ ತಂತಿ ಬಿಗಿದು
ಇನ್ನೊಂದು ತುದಿ ಅದರ ನಾಲ್ಕು ಸಿಲಿಂಡರಿನೊಳಗೆ ಹಾಯಿಸಿ ಕಟ್ಟಿದೆ.
ಬೆಳಗಾದಾಗ ಬೀದಿಯಲ್ಲಿ ಮಾಡು ಉಳಿದಿದ್ದು ಮೂರು ಮನೆಗೆ,
ಮೂರರಲ್ಲಿ ಇದೊಂದು.
ಅಣ್ಣ ಬಂದು ನೋಡಿ ನಕ್ಕ,
"ಕೊನೆಗೂ ಗೆದ್ದಿತು ನನ್ನ ಕಾರು."

ಯಾದಿಯೆಲ್ ನಗಲಿಲ್ಲ. "ಮತ್ತೆ ಏನು ಮಾಡಲಿ?"
"ದುಡ್ಡಿದ್ದರೆ ಸ್ಲೀವು. ಎಷ್ಟಿದೆ?"
ನೂರಾ ಎಂಬತ್ತು ಡಾಲರ್, ಅದರಲ್ಲಿ ಇಪ್ಪತ್ತು ಚಿಲ್ಲರೆ.

ನೀರಿನ ಪಂಪಿನ ತೂತಿನಿಂದ ಎರಡು ಬೆರಳು ಕೆಳಗೆ
ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಇಲ್ಲಿಯವರೆಗೆ ಮಾತ್ರ.
ಕ್ಯಾಪುಗಳನ್ನು ಅಳತೆಗೆ ಬಿಗಿದೆ,
ಗಾರೆ ಕಲಸಿದೆ, ದೋಸೆಹಿಟ್ಟಿಗಿಂತ ತುಸು ಗಟ್ಟಿ,
ಅವನು ಸುರಿದ, ನಾನು ರಬ್ಬರ್ ಸುತ್ತಿಗೆಯಿಂದ
ಪಕ್ಕೆ ತಟ್ಟುತ್ತಾ ಹೋದೆ,
ಗುಳ್ಳೆ ಒಂದೊಂದಾಗಿ ಮೇಲೆದ್ದು ಒಡೆಯುವವರೆಗೆ.

"ಎಷ್ಟು ಹಾರ್ಸ್‌ಪವರ್ ಏರುತ್ತೆ?"
"ಒಂದೂ ಇಲ್ಲ. ಇರುವುದು ಸೋರುವುದಿಲ್ಲ, ಅಷ್ಟೆ.
ಎಣ್ಣೆ ಮಾತ್ರ ಜಾಸ್ತಿ ಕಾಯುತ್ತೆ, ಕೂಲರ್ ಹಾಕು."

ಒಣಗಲು ಒಂದು ವಾರ. ಹೋನಿಂಗು ಅದಾದ ಮೇಲೆ.
ಕೈ ತೊಳೆದ, ಉಗುರ ಸಂದಿಯ ಬೂದು ಹೋಗಲಿಲ್ಲ.
ಪಿಕಪ್ಪಿನವರೆಗೆ ಹೋದವನು ತಿರುಗಿ ಬಂದ.
"ಗೋಡೆ ನಿಂತರೆ, ಇದರಲ್ಲಿ ಮುಂದೆ ಒಡೆಯುವುದು ಯಾವುದು?"

ಬಾ, ಅಂದೆ.
ಬ್ಲಾಕನ್ನು ಅಲುಗಾಡಿಸದೆ ಇಬ್ಬರೂ ಬಗ್ಗಿ
ಕೆಳಗಿನ ಬೋಲ್ಟುಗಳ ಮೇಲೆ ಟಾರ್ಚು ಬಿಟ್ಟೆವು.